ತಿಮ್ಮರಾಯಪ್ಪನ ಹೊಟ್ಟೆನೋವು

"ನಮ್ಮಪ್ಪಂಗೆ ಮದ್ದಾಕವ್ರೆ ಸ್ವಾಮಿ. ಯಾರು ಅಂತ್ಲೂ ಗೊತ್ತು. ನೀವು ಬಂದು ಹೌದು ಅಂದ್ಬುಟ್ರೆ ಸಾಕು."

ಆಲಸನತ್ತದ ಬಚ್ಚಪ್ಪ ಹೊಸೂರಿನ ದವಾಖಾನೆಯ ಬಾಗಿಲಲ್ಲೇ ನಿಂತು ಹೇಳಿದ. ಡಾಕ್ಟರ್ ರಾಮಚಂದ್ರಪ್ಪ ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತಲಿಲ್ಲ.

"ಹೌದು ಅನ್ನೋಕೆ ನಾನ್ಯಾಕಪ್ಪ? ನೀನೇ ಅಂದಾಯ್ತಲ್ಲ."

ಕಾಂಪೌಂಡರ್ ಶ್ಯಾಮಣ್ಣ ಆಗಲೇ ಚೀಲ ಎತ್ತಿಕೊಂಡಿದ್ದ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಮನೆಯಲ್ಲಿ ಕಾಯುವವರಿಲ್ಲದ್ದರಿಂದ ಅವನು ಯಾವ ಊರಿಗೂ ಬರುವುದಿಲ್ಲ ಎಂದವನಲ್ಲ.

ದಾರಿಯುದ್ದಕ್ಕೂ ಬಚ್ಚಪ್ಪ ಹೇಳುತ್ತಲೇ ಇದ್ದ. ಅವನ ತಂದೆ ತಿಮ್ಮರಾಯಪ್ಪನಿಗೆ ಮೂರು ತಿಂಗಳಿಂದ ಹೊಟ್ಟೆನೋವು ಬಂದು ಹೋಗಿ ಮಾಡುತ್ತಿತ್ತು. ಈಗ ಆರು ದಿನದಿಂದ ಹೊರಕಡೆಯೇ ಆಗಿಲ್ಲ. ಮುದುಕನ ಅಂಬಲಿ ಕಾಯಿಸಿ ಇಕ್ಕುವವಳು ಒಬ್ಬಳೇ, ಸತ್ತ ಅಣ್ಣನ ಹೆಂಡತಿ ಆದಿಲಕ್ಷ್ಮಮ್ಮ. ಮಧ್ಯಾಹ್ನ ಹಿರಿಯರು ಸೇರಿ ಅವಳನ್ನು ಊರು ಬಿಡಿಸುವವರಿದ್ದರು. ಮಾರನೆಯ ದಿನ ಮುದುಕನನ್ನು ಮದ್ದು ಕಕ್ಕಿಸುವವನ ಹತ್ತಿರ ಒಯ್ಯುವುದೆಂದೂ ಆಗಿತ್ತು.

"ಈ ಸ್ಥಿತಿಯಲ್ಲಿ ಕಕ್ಕಿಸಿದರೆ ಪ್ರಾಣ ಉಳಿಯೋದಿಲ್ಲ," ಎಂದರು ಡಾಕ್ಟರು.

ಮುದುಕ ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಬೋರಲಾಗಿ ಮಲಗಿದ್ದ. ಜ್ವರವಿರಲಿಲ್ಲ. ಅಂಗಾತ ಮಲಗಿಸಿ ಹೊಟ್ಟೆ ಒತ್ತಿದರೆ, "ಇನ್ನೂ ಜೋರಾಗಿ ಒತ್ತಿ ಸ್ವಾಮಿ, ಸುಖವಾಯ್ತದೆ," ಎಂದ. ಕೈ ಚಾಚಲು ಹೇಳಿದಾಗ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು. ಡಾಕ್ಟರು ಅವನ ಬಾಯಿ ತೆರೆಸಿ ಬಹಳ ಹೊತ್ತು ನೋಡಿದರು.

"ಯಾಕ್ ಸ್ವಾಮಿ, ಹಲ್ಲು ಎಣಿಸ್ತಿದೀರಾ? ಅವು ಹೋಗಿ ಹತ್ತೊರ್ಷ ಆಯ್ತು."

ಡಾಕ್ಟರು ನಗಲಿಲ್ಲ.

ಆದಿಲಕ್ಷ್ಮಮ್ಮ ಖಾಲಿ ಬಿಂದಿಗೆಯನ್ನು ಹೊಟ್ಟೆಗೆ ಬಿಗಿಯಾಗಿ ಅಪ್ಪಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಇಪ್ಪತ್ತೈದು ದಾಟಿರದ ಮುಖ ಸುಣ್ಣದಂತೆ ಬಿಳಚಿತ್ತು. ಭಯವಿರಬೇಕು ಎಂದುಕೊಂಡ ಶ್ಯಾಮಣ್ಣ.

"ನೋಡಿ ಹೆಂಗ್ ನಿಂತವ್ಳೆ, ಕಂಬದಂಗೆ," ಎಂದಳು ಬಚ್ಚಪ್ಪನ ಹೆಂಡತಿ ಪಿಳ್ಳಮ್ಮ. "ಗಂಡ ಸತ್ತಾಗ್ಲೂ ಹಿಂಗೇ ನಿಂತಿದ್ಲು."

ಅಡುಗೆಮನೆಯಲ್ಲಿ ತೊಳೆದು ಬೋರಲು ಹಾಕಿದ್ದ ಹಿತ್ತಾಳೆ ತಪ್ಪಲೆಯೊಂದಿತ್ತು. ಪಕ್ಕದಲ್ಲಿ ಮುದುಕನ ಬಟ್ಟಲು.

"ತಪ್ಪಲೆ ನಮ್ಮವ್ವಂದು," ಎಂದ ಬಚ್ಚಪ್ಪ. "ಉಗಾದಿ ಮುಂಚೆ ಜೂಜುವಾಡಿಗೆ ಹೊತ್ಕೊಂಡೋಗಿ ನಾನೇ ಕಲಾಯಿ ಹಾಕಿಸ್ದೆ. ಅಪ್ಪನ ಅಂಬಲಿ ರಾತ್ರಿಯೆಲ್ಲ ಇದ್ರಾಗೇ ಹುಳಿ ಬರ್ಬೇಕು. ನಮ್ದು ಮಣ್ಣಿನ ಮಡಕೆ, ಬಿಸಿ ಮುದ್ದೆ."

ಡಾಕ್ಟರು ಬಿಳಿ ಕಾಗದವನ್ನು ತಪ್ಪಲೆಯ ಒಳಗೆ ಉಜ್ಜಿದರು. ಪೆನ್ಸಿಲಿನಿಂದ ಗೀಚಿದಂತೆ ಕಪ್ಪು ಗೀಟು ಮೂಡಿತು. ಅದನ್ನು ಜೇಬಿಗಿಟ್ಟುಕೊಂಡು ಹಿತ್ತಲಿಗೆ ನಡೆದರು.

"ಶ್ಯಾಮಣ್ಣ, ರೋಗ ಏನಂತ ತೋಚ್ತಿದೆ. ಆದರೆ ಗುರುತು ಕಾಣಬೇಕಾದ ಜಾಗದಲ್ಲಿ ಹಲ್ಲೇ ಇಲ್ಲ. ಕರುಳು ಗಂಟುಬಿದ್ದಿದ್ದರೆ ಇವತ್ತೇ ಬೆಂಗಳೂರಿಗೆ ಸಾಗಿಸಿ ಕೊಯ್ಯಿಸಬೇಕು. ಅಲ್ಲದಿದ್ದರೆ ಈ ವಯಸ್ಸಿನಲ್ಲಿ ಸುಮ್ಮನೆ ಕೊಯ್ಯಿಸಿ ಕೊಂದಂತಾಗುತ್ತೆ. ಅದೇ ಅಂಬಲಿ ಕುಡಿದವರು ಇನ್ನೊಬ್ಬರಿದ್ದಿದ್ದರೆ ನೋಡಬಹುದಿತ್ತು. ಬಟ್ಟಲು ಒಂದೇ ಇದೆ."

ಶ್ಯಾಮಣ್ಣ ಹೇಳಿದ, "ಒಬ್ಬರೇ ಉಣ್ಣೋರು ಬಟ್ಟಲು ಇಟ್ಕೊಳ್ಳೋಲ್ಲ ಸಾರ್. ತಪ್ಪಲೆಯಲ್ಲೇ ತಳ ಕೆರ್ಕೊಂಡು ಉಣ್ತಾರೆ. ನಿಂತ್ಕೊಂಡೇ."

ಡಾಕ್ಟರು ಅವನ ಮುಖವನ್ನು ನೋಡಿದರು. ಅದು ಅವನಿಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ. ಆದಿಲಕ್ಷ್ಮಮ್ಮನನ್ನು ಬಾವಿಕಟ್ಟೆಯ ಬಳಿಗೆ ಕರೆದು ಎರಡು ನಿಮಿಷ ಮಾತಾಡಿಸಿ ಬಂದರು.

"ಕ್ಯಾಲ್ಸಿಯಂ ತೆಗಿ. ಕೊಯ್ಯಿಸೋದು ಬೇಡ."

ನರಕ್ಕೆ ನಿಧಾನವಾಗಿ ಸೂಜಿಮದ್ದು ಇಳಿಯಿತು. ಮುದುಕ ಎಷ್ಟೋ ದಿನಗಳ ಮೇಲೆ ಕಾಲು ನೀಡಿ ನಿದ್ದೆ ಹೋದ.

ಮಧ್ಯಾಹ್ನ ಊರ ಹಿರಿಯ ಆವುಲಪ್ಪ ಇನ್ನಿಬ್ಬರೊಡನೆ ಜಗಲಿಗೆ ಬಂದ. ಡಾಕ್ಟರು ಮನೆಯವರನ್ನೆಲ್ಲ ಕರೆಸಿ ಕೂರಿಸಿದರು.

"ಪಾಷಾಣ ಹಾಕಿದ್ದರೆ ಭೇದಿ ಕಿತ್ತುಕೊಳ್ಳಬೇಕಿತ್ತು. ಇಲ್ಲಿ ಕಟ್ಟಿಕೊಂಡಿದೆ. ಕರುಳು ಕೆಟ್ಟಿದ್ದರೆ ಮುಟ್ಟಿದರೆ ಕೂಗಬೇಕಿತ್ತು. ಇವರಿಗೆ ಒತ್ತಿದರೆ ಹಿತ. ಅದರ ಮೇಲೆ ಮಣಿಕಟ್ಟು ಸೋತಿದೆ. ಬೇರೆ ಬೇರೆಯಾಗಿ ನೋಡಿದರೆ ಯಾವ ರೋಗವೂ ಇರಬಹುದು. ಒಟ್ಟಿಗೆ ಇಟ್ಟರೆ ಸೀಸದ ವಿಷ." ಕಾಗದ ತೆಗೆದು ತೋರಿಸಿದರು. "ಕಲಾಯಿಗೆ ಹಾಕೋ ತವರ ಹೀಗೆ ಗೀಟು ಬಿಡೋದಿಲ್ಲ. ಯುದ್ಧ ಬಂದು ಮಲಯದಿಂದ ತವರ ಬರೋದು ನಿಂತಿದೆ. ಕಲಾಯಿಯವನು ಸೀಸ ಬೆರೆಸಿದ. ಹುಳಿ ಅಂಬಲಿ ರಾತ್ರಿಯೆಲ್ಲ ಅದನ್ನು ಕರಗಿಸಿಕೊಂಡಿತು."

"ಆ ಸೀಸಾನ ಇವ್ಳೇ ತುರಿದು ಹಾಕಿದ್ರೆ?" ಎಂದಳು ಪಿಳ್ಳಮ್ಮ.

"ಕೇಳಬೇಕಾದ ಪ್ರಶ್ನೆ ತಾಯಿ. ಹಾಕಿದವರು ತಾವು ಕುಡಿಯೋದಿಲ್ಲ." ಡಾಕ್ಟರು ತಿರುಗಿದರು. "ಬಾಮ್ಮ. ತುಟಿ ಮೇಲೆತ್ತು."

ಗಂಡ ಸತ್ತ ಮೇಲೆ ಎಲೆಅಡಿಕೆ ಬಿಟ್ಟ ಬಾಯಿ. ಹಲ್ಲುಗಳ ಬುಡದಲ್ಲಿ, ವಸಡಿನ ಅಂಚಿನುದ್ದಕ್ಕೂ, ಶಾಯಿಯಲ್ಲಿ ಎಳೆದಂತೆ ಸಣ್ಣ ನೀಲಿ ಗೆರೆ.

"ಸೀಸ ಹಲ್ಲಿರೋ ಕಡೆ ಮಾತ್ರ ಈ ಗೆರೆ ಎಳೆಯುತ್ತೆ. ಮಾವನ ಬಾಯಲ್ಲಿ ಇಲ್ಲದ ಸಾಕ್ಷಿ ಸೊಸೆ ಬಾಯಲ್ಲಿದೆ. ಮಿಕ್ಕಿದ್ದನ್ನೆಲ್ಲ ಇವಳು ಉಂಡಿದ್ದಾಳೆ. ಬೆಳಗ್ಗೆ ಬಿಂದಿಗೆ ಅವುಚಿಕೊಂಡಿದ್ದೂ ಮಾವ ದಿಂಬು ಅವುಚಿಕೊಂಡ ಕಾರಣಕ್ಕೇ."

"ನಿಂಗೂ ನೋವಿತ್ತೇನವ್ವ? ಯಾಕೆ ಯೋಳ್ಲಿಲ್ಲ?" ಎಂದ ಆವುಲಪ್ಪ.

ಆದಿಲಕ್ಷ್ಮಮ್ಮ ಆ ಮಾತನ್ನು ಕಷ್ಟದ ಲೆಕ್ಕದಂತೆ ಸ್ವಲ್ಪ ಹೊತ್ತು ಯೋಚಿಸಿದಳು.

"ಯಾರ್ಗೆ ಯೋಳ್ಲಿ?"

ಬಚ್ಚಪ್ಪ ತನ್ನ ಅಂಗೈ ನೋಡಿಕೊಂಡ. "ಹೊತ್ಕೊಂಡೋಗಿ ಕಲಾಯಿ ಹಾಕಿಸ್ದೋನು ನಾನೇ."

"ಅಪ್ಪನ ಮೇಲಿನ ಪ್ರೀತಿಗೆ ನೀನು ಹಾಕಿಸ್ದೆ. ಸೀಸಕ್ಕೆ ಅದು ತಿಳಿಯೋಲ್ಲ," ಎಂದರು ಡಾಕ್ಟರು.

ಆವುಲಪ್ಪ ಎದ್ದು, ಊರು ಬಿಡಿಸುವ ಮಾತು ಇನ್ನಿಲ್ಲ ಎಂದು ಹೇಳಿ ಹೊರಟ. ಶ್ಯಾಮಣ್ಣ ಎರಡನೆಯ ಸೂಜಿ ಸಿದ್ಧಮಾಡಿದ. ಆದಿಲಕ್ಷ್ಮಮ್ಮ ಅಳದೆ ಕೈ ನೀಡಿದಳು. ಮುಗಿದ ಮೇಲೆ ಸೆರಗು ಸರಿಪಡಿಸಿಕೊಂಡು ಪಿಳ್ಳಮ್ಮನನ್ನು ಕೇಳಿದಳು.

"ನಾಳೆ ಮಾವಂಗೆ ಅಂಬಲಿ ಯಾವ್ದ್ರಾಗೆ ಕಾಸ್ಲಿ?"

ಪಿಳ್ಳಮ್ಮ ಒಳಗೆ ಹೋಗಿ ಹಿತ್ತಾಳೆ ತಪ್ಪಲೆಯನ್ನು ಹಿತ್ತಲಿಗೆ ಇಟ್ಟು ಬಂದಳು.

"ಮಡಕೇಲಿ. ನಾನೇ ಕಾಸ್ತೀನಿ. ನೀನು ಹೋಗಿ ಮನಿಕ್ಕೊ."

ಶ್ಯಾಮಣ್ಣ ಚೀಲ ಎತ್ತಿಕೊಳ್ಳುವಾಗ ಒಳಗೆ ಕಣ್ಣು ಹಾಯಿಸಿದ. ಹಗಲು ಮಲಗಿ ರೂಢಿಯಿಲ್ಲದ ಆಕೆ ಚಾಪೆ ಹಾಸಿ, ಅದರ ಅಂಚಿನಲ್ಲಿ ಕುಳಿತೇ ಇದ್ದಳು.