ಪರಿಶೀಲನೆಯಲ್ಲಿದೆ

“ನಮ್ಮ ದುಡ್ಡು ನಮಗೆ ಕೊಡೋಕೆ ನಿಮಗೇನಮ್ಮ ಕಷ್ಟ?” ಎಂದು ನಾನು ಫೋನಿನಲ್ಲಿ ಕೂಗಾಡಿದೆ.

ನಮ್ಮ ಉಳಿತಾಯ ನಿಧಿಯ ಹೆಲ್ಪ್‌ಲೈನಿನ ಹುಡುಗಿ ತಾಳ್ಮೆ ಕಳೆದುಕೊಳ್ಳಲಿಲ್ಲ. “ನಾವು ತಡೆದಿಲ್ಲ ಸರ್. ನೀವು ಕೇಳಿದ್ರಿ, ನಾವು ಪರಿಶೀಲನೆಗೆ ತಗೊಂಡ್ವಿ. ಅಷ್ಟರಲ್ಲಿ ನಿಮ್ಮ ಫೋನಿಂದಲೇ ರದ್ದು ಮಾಡಿದ್ದಾರೆ. ಪ್ರತಿ ಸಲವೂ ಹೀಗೇ.”

“ನಾನ್ಯಾಕೆ ರದ್ದು ಮಾಡ್ಲಿ? ಹೆಂಡತಿ ಆಪರೇಷನ್ನಿಗೆ ಬೇಕಾದ ದುಡ್ಡು!”

“ಗುಂಡಿ ತಪ್ಪಿರಬೇಕು ಸರ್. ‘ಹಣ ಹಿಂತೆಗೆಯಿರಿ’ ಒತ್ತಿದ್ರೆ ದುಡ್ಡು ಬರುತ್ತೆ. ಕೆಳಗೆ ಕೆಂಪಗೆ ‘ವಿನಂತಿ ಹಿಂತೆಗೆಯಿರಿ’ ಅಂತಿದೆಯಲ್ಲ, ಅದನ್ನ ಒತ್ತಿದ್ರೆ ನೀವು ಕೇಳೇ ಇಲ್ಲ ಅಂತಾಗುತ್ತೆ. ಎರಡರಲ್ಲೂ ಹಿಂತೆಗೆ ಅಂತಿರೋದಕ್ಕೆ ತುಂಬ ಜನ ಎಡವ್ತಾರೆ.”

“ಎಲ್ಲಿಗೆ ಬಂತು ಅಂತ ನೋಡೋದು ಹೇಗೆ ತಾಯಿ?”

“‘ನನ್ನ ವಿನಂತಿಗಳು’ ತೆಗೆಯಿರಿ. ಸ್ವೀಕರಿಸಲಾಗಿದೆ, ಪರಿಶೀಲನೆಯಲ್ಲಿದೆ, ಕಳುಹಿಸಲಾಗಿದೆ ಅಂತ ಒಂದೊಂದೇ ಹಂತ ಕಾಣುತ್ತೆ. ನೋಡಿ ಸುಮ್ಮನೆ ಮುಚ್ಚಿಬಿಡಿ.”

ನಮ್ಮದು ಕನ್ನಡಿ ಅಂಗಡಿ. ಮುಂದೆ ಅಂಗಡಿ, ಪರದೆಯ ಹಿಂದೆ ಮನೆ. ಪರದೆಯ ಆಚೆ ಮಂಚದ ಮೇಲಿಂದ ಹೆಂಡತಿಯ ದನಿ ಬಂತು.

“ಏನ್ರೀ, ಮೊದಲು ಗುಡುಗಿದ್ರಿ, ಕೊನೆಗೆ ಬೆಣ್ಣೆ ಥರ ಕರಗಿದ್ರಿ. ಹುಡುಗಿ ದನಿ ಅಷ್ಟು ಚೆನ್ನಾಗಿತ್ತಾ?”

“ನಿನ್ನಷ್ಟು ಬಾಯಿಬಡುಕಿ ಅಲ್ಲ ಬಿಡು.”

ಅವಳು ನಕ್ಕಳು. ನಗು ಮುಗಿಯುವ ಮೊದಲೇ ನೋವು ಬಂದು ಅದನ್ನು ನುಂಗಿತು.

ನಾನು ದೇವರಿಗೆ ಕೈಮುಗಿದು, ಕನ್ನಡಕ ಒರೆಸಿಕೊಂಡು, ಮತ್ತೆ ವಿನಂತಿ ಹಾಕಿದೆ. ಫೋನನ್ನು ಅವಳ ತಲೆದಿಂಬಿನ ಬಳಿ ಇಟ್ಟು ಕೆಲಸಕ್ಕೆ ಕುಳಿತೆ.

ಮರುದಿನ ಗಾಳಿಯಾಡಲೆಂದು ಪರದೆ ಸರಿಸಿದ್ದೆ. ಹೊಸ ಕನ್ನಡಿಯೊಂದನ್ನು ಗೋಡೆಗೆ ಒರಗಿಸಿ ಒರೆಸುತ್ತಿದ್ದಾಗ ಅದರೊಳಗೆ ಅವಳು ಕಂಡಳು. ಮದುವೆಯ ಹೊಸತರಲ್ಲಿ ನಾವು ಮನೆ ತುಂಬ ಜನರ ನಡುವೆ ಒಬ್ಬರನ್ನೊಬ್ಬರು ಕನ್ನಡಿಯಲ್ಲೇ ಕದ್ದು ನೋಡುತ್ತಿದ್ದೆವು. ಈಗ ಅವಳು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಫೋನು ಹಿಡಿದಿದ್ದಳು. ಫೋನಿನ ಸ್ಕ್ರೀನಿನ ಕೆಳಗಡೆ, ಆ ಕೆಂಪು ಗುಂಡಿಯತ್ತ ಬೆರಳು ಹೋಗುತ್ತಿತ್ತು.

“ಏನ್ ಮಾಡ್ತಿದ್ದೀಯೇ?”

ಅವಳು ತಲೆಯೆತ್ತಿದಳು. ಕನ್ನಡಿಯಲ್ಲಿ ಕಣ್ಣುಗಳು ಸೇರಿದವು.

“ಗುಂಡಿ ತಪ್ಪಿದ್ದಲ್ಲ ರೀ,” ಎಂದಳು. “ನಾನು ಓದಿಯೇ ಒತ್ತುತ್ತಿದ್ದೆ.”

ಒರೆಸುವ ಬಟ್ಟೆ ಕೆಳಗಿಟ್ಟೆ. ನಾನು ಹೋಗಿ ಮಂಚದ ತುದಿಯಲ್ಲಿ ಕುಳಿತೆ.

“ಡಾಕ್ಟರು ಬಾಗಿಲ ಆಚೆ ನಿಮಗೆ ಹೇಳಿದ್ದು ನನಗೂ ಕೇಳಿಸಿತು. ಕೊಯ್ದರೂ ಸಿಗೋದು ಸ್ವಲ್ಪ ಕಾಲ. ಅದಕ್ಕೆ ಇರೋದೆಲ್ಲ ಸುರಿದರೆ ನಿಮ್ಮ ಗತಿ ಏನು? ಕೈ ನಡುಗೋಕೆ ಶುರುವಾದ ಮೇಲೆ ಗಾಜು ಕತ್ತರಿಸ್ತೀರಾ?”

“ಆ ಸ್ವಲ್ಪ ಕಾಲ ಬೇಕಾಗಿರೋದು ನನಗೆ ಕಣೇ. ನಿನಗೆ ಬೇಡವಾದರೆ ನನಗೆ ಕೊಡು.”

ಅವಳ ಕಣ್ಣು ತುಂಬಿತು. “ದೇವರು ಕರೆದಾಗ ರದ್ದು ಮಾಡೋ ಗುಂಡಿ ಇರಲ್ಲ ರೀ.”

“ಇರಲ್ಲ. ಆದರೆ ಪರಿಶೀಲನೆಯಲ್ಲಿ ಇಟ್ಟಿರಪ್ಪಾ ಅಂತ ಕೇಳಬಹುದಲ್ಲ?”

“ಮುದುಕನಾದರೂ ಮಾತಿಗೇನೂ ಕಮ್ಮಿಯಿಲ್ಲ,” ಎಂದು ಫೋನನ್ನು ನನ್ನ ಅಂಗೈಯಲ್ಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟಳು. ಆ ವಿನಂತಿಯನ್ನು ಅವಳು ಮುಟ್ಟಲಿಲ್ಲ.

ದುಡ್ಡು ಬಂತು. ಆಪರೇಷನ್ ಆಯಿತು. ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ದೇವರು ಕೊಟ್ಟಿದ್ದು ಸ್ವಲ್ಪವೇ. ಆದರೆ ಆ ಸ್ವಲ್ಪದಲ್ಲಿ ಪ್ರತಿ ಬೆಳಿಗ್ಗೆ ಅವಳು ಕಣ್ಣು ಬಿಡುವ ಮೊದಲೇ ನನ್ನ ಕೈ ತಡವಿ ಕೇಳುತ್ತಿದ್ದಳು:

“ಎಲ್ಲಿಗೆ ಬಂತು ರೀ?”

“ಪರಿಶೀಲನೆಯಲ್ಲಿದೆ ಕಣೇ.”

“ಹಾಗಾದರೆ ಕಾಫಿ ತನ್ನಿ,” ಎಂದು ಕಣ್ಣು ತೆರೆಯುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಕೇಳಲಿಲ್ಲ. ನಾನು ಆ ತಣ್ಣನೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕೇಳಿದಳೇನೋ ಎಂಬಂತೆ, ಎಂದಿನ ಉತ್ತರವನ್ನೇ ಹೇಳಿದೆ.