ಮಚ್ಛೇಂದ್ರನ ಎರಡನೆಯ ಡಬ್ಬಿ

ನೀರಿನ ಟ್ಯಾಂಕರಿನ ಗಾಲಿಗೆ ಒರಗಿ ಕುಳಿತಿದ್ದ ಡ್ರೈವರ್ ಮಚ್ಛೇಂದ್ರನಲ್ಲಿ ಉಸಿರಿರಲಿಲ್ಲ. ತುಟಿಗಳು ಬದನೆಕಾಯಿಯಷ್ಟು ಊದಿದ್ದವು. ಕೊರಳಲ್ಲಿ ತುಳಸಿಮಾಲೆ. ಮುಂದೆ ಎರಡು ಡಬ್ಬಿ. ಒಂದರಲ್ಲಿ ಏಕಾದಶಿ ಉಪವಾಸಕ್ಕೆ ನಡೆಯುವ ಭಗರ ಎಂಬ ಕಿರುಧಾನ್ಯದ ಅನ್ನ. ಇನ್ನೊಂದರ ತಳದಲ್ಲಿ ಗಟ್ಟಿ ಸಾರು. ಗಾಲಿಯ ಸಂದಿಯಲ್ಲಿ ಇಟ್ಟಿಗೆಯ ಚೂರು.

ಠಾಣಾ ಕುಶನೂರಿನಲ್ಲಿ ಸೂರ್ಯನೇ ನೆರಳು ಹುಡುಕಿಕೊಂಡು ಅಲೆಯುತ್ತಿದ್ದ ಬರಗಾಲ ಅದು. ಅರ್ಧ ಊರಿಗೆ ಬೀಗ. ಉಳಿದರ್ಧ ಕೂಲಿಗೆ ಒಯ್ಯುವ ಪುಣೆಯ ಲಾರಿಗೆ ಕಾಯುತ್ತಿತ್ತು. ಆದರೂ ಹೆಣದ ಸುತ್ತ ಲಕ್ಷ ಜನ ಸೇರಿದ್ದರು. ನಂಬದವರು ಬಂದು ಎಣಿಸಬೇಕಿತ್ತು.

ಪಿಎಸ್‌ಐ ಫಕ್ರುನ್ನಿಸಾ ಜೀಪಿನಿಂದ ಇಳಿದಳು. ಆಕೆ ದಿಟ್ಟಿಸಿದರೆ ಬೀದರ ಕೋಟೆಯ ಗೋಡೆಗಳೂ ತಪ್ಪೊಪ್ಪಿಕೊಳ್ಳುತ್ತಿದ್ದವು.

“ಇಕಿನೇ ಕೊಂದಾಳ್ರಿ ಮೇಡಂ!” ಸತ್ತವನ ತಮ್ಮ ಪಂಢರಿ ಅತ್ತಿಗೆ ಕೇಶರಬಾಯಿಯತ್ತ ಬೆರಳು ಚಾಚಿದ. “ಅಣ್ಣಗ ಶೇಂಗಾ ಆಗಿಬರಂಗಿಲ್ಲ ಅಂತ ಇಕಿಗೆ ಗೊತ್ತಿಲ್ಲೇನು? ಸಂಜಿ ಲಾರಿಗೆ ಅಣ್ಣನ ಮಗಳನ್ನ ನಾ ಕರ್ಕೊಂಡು ಹೋಗ್ತೇನಿ.”

ಕೇಶರಬಾಯಿ ಅಳುವುದನ್ನೇ ಮರೆತಳು. “ನಾ ಬರೇ ಭಗರ ಕಟ್ಟೀನ್ರಿ. ಆ ಸಾರು ನಂದಲ್ರಿ. ಮಗಳಿಗೂ ಅಪ್ಪಂದೇ ರೋಗ ಅದರಿ ಮೇಡಂ. ಪಲ್ಯದಾಗ, ಸಾರಿನಾಗ, ಚಟ್ನಿಯಾಗ ಶೇಂಗಾ ಅಡಗಿ ಕುಂತಿರ್ತದ. ಪುಣೆದಾಗ ಅದರ ತಾಟು ಯಾರು ನೋಡ್ತಾರ? ನಾ ಜೈಲಿಗೆ ಹೋದ್ರ ಕೂಸು ಉಳಿಯಂಗಿಲ್ರಿ.”

“ಗಂಡಗ ಯಾರದರ ವೈರ ಇತ್ತೇನು?”

“ಇಲ್ರಿ. ಇವತ್ತು ಔರಾದಕ್ಕ ಹೋಗಿ ತಹಶೀಲ್ದಾರ್ ಸಾಹೇಬರಿಗೆ ಏನೋ ಹೇಳ್ತೇನಿ ಅಂದಿದ್ರು. ಏನಂತ ಹೇಳಲಿಲ್ಲ.”

* * *

ಹೆಣ ಮತ್ತು ಡಬ್ಬಿಗಳು ಪರೀಕ್ಷೆಗೆ ಭಾಲ್ಕಿಗೆ ಹೋದವು. ಡಾಕ್ಟರ್ ಫೋನಿನಲ್ಲಿ ಅಂದರು: “ಗಂಟಲು ಊದಿ ಉಸಿರು ಕಟ್ಟೇದ್ರಿ. ಸಾರಿನಾಗ ನುಣ್ಣಗ ರುಬ್ಬಿದ ಶೇಂಗಾ ಅದ.”

ಮೊದಲ ಅನುಮಾನ ಬದ್ರೋದ್ದೀನನ ಖಾನಾವಳಿಯ ಮೇಲೆ. ಆತ ಚಹಾ ಒಂದನ್ನು ಬಿಟ್ಟು ಪ್ರಪಂಚದ ಎಲ್ಲದಕ್ಕೂ ಶೇಂಗಾ ಹಾಕುತ್ತಿದ್ದ.

“ಕಸಂ ಸೇ ಆಪಾ, ಅಂವಾ ನನ್ನ ಹಂತ್ಯಾಕ ಚಹಾ ಬಿಟ್ಟು ಏನೂ ಮುಟ್ಟತಿರಲಿಲ್ಲ. ಕಪ್ಪು-ಬಸಿ ಸೈತ ತಾನೇ ತೊಳೀತಿದ್ದ. ಒಮ್ಮೆ ಭಾಲ್ಕಿ ಮದುವ್ಯಾಗ ಶೇಂಗಾ ತಿಂದು ಸಾಯಾಕ ಬಿದ್ದಾಗ ಟ್ಯಾಂಕರ್ ಮಾಲಕ ಹಾವಗೆಪ್ಪನೇ ದವಾಖಾನಿಗೆ ಒಯ್ದು ಉಳಿಸಿದ್ದ.”

* * *

ಟ್ಯಾಂಕರ್ ಮಾಲಕ ಹಾವಗೆಪ್ಪ ಅಳುತ್ತ ಕುಳಿತಿದ್ದ. ಅವನ ಕರವಸ್ತ್ರ ಹಿಂಡಿದ್ದರೆ ಒಂದು ಟ್ಯಾಂಕರ್ ತುಂಬುತ್ತಿತ್ತು.

“ಮಗನಂಗಿದ್ದ ಮೇಡಂ. ಮುಂಜಾನೆ ನನ್ನ ಮುಂದೇ ಡಬ್ಬಿ ಬಿಚ್ಚಿದ. ‘ಸಾರಿನಾಗ ಏನದ ನೋಡಿ ಉಣ್ಣಪಾ’ ಅಂದೆ. ‘ಹೆಂಡ್ತಿ ಪುಟಾಣಿ ಹಿಟ್ಟು ಹಾಕ್ಯಾಳ, ಶೇಂಗಾ ಇಲ್ಲ’ ಅಂತ ನಕ್ಕ. ಮೋಸ ಮಾಡಿದ್ಳು ನೋಡ್ರಿ ಆ ಹೆಂಗಸು.”

“ಪುಟಾಣಿ ಅಂತ ಅಂವಾನೇ ಅಂದನೇನು?”

“ಈ ಕಿವಿಲೇ ಕೇಳೀನ್ರಿ.”

ಫಕ್ರುನ್ನಿಸಾ ನೀರು ಕೇಳಿದಳು. ಹಾವಗೆಪ್ಪನ ಹೆಂಡತಿ ಲಲಿತಾಬಾಯಿ ತಂಬಿಗೆ ತಂದಳು.

“ನಿಮ್ಮ ಮನ್ಯಾಗೂ ಇವತ್ತು ಉಪವಾಸೇನ್ರಿ?”

“ಇಲ್ಲವ್ವಾ, ನಮ್ಮಲ್ಲಿ ಏಕಾದಶಿ ಹಿಡಿಯಂಗಿಲ್ಲ. ಡ್ರೈವರ್‌ಗಂತ ಇವರು ಮುಂಜಾನೆ ಸಾರು ಮಾಡಿಸಿಕೊಂಡು ಒಯ್ದ್ರು. ಶೇಂಗಾ ನುಣ್ಣಗ ರುಬ್ಬು ಅಂದ್ರು.”

ಹಾವಗೆಪ್ಪನ ಅಳು ಗಕ್ಕನೆ ನಿಂತಿತು.

“ಬೀದರದ ಚಿದ್ರಿಯಾಗ ನಮ್ಮ ಬಾಜೂ ಮನಿ ಭಾಗೀರಥಿಬಾಯಿ ಏಕಾದಶಿಗೊಮ್ಮೆ ನನಗೂ ತಾಟು ಹಚ್ಚತಿದ್ರು,” ಎಂದಳು ಫಕ್ರುನ್ನಿಸಾ. “ಅವರ ಉಪವಾಸಕ್ಕ ಭಗರ, ಶೇಂಗಾ, ಕೊಬ್ಬರಿ ನಡೀತಾವ, ಕಡ್ಲಿ ನಡ್ಯಂಗಿಲ್ಲ. ಪುಟಾಣಿ ಅಂದ್ರ ಹುರಿದ ಕಡ್ಲಿ. ತುಳಸಿಮಾಲಿ ಹಾಕ್ಕೊಂಡಂವಾ ಅದನ್ನ ಉಣ್ತೇನಿ ಅಂತ ನಗ್ತಾನೇನು? ಅಂವನ ಹೆಂಡ್ತಿ ಕಟ್ಟಿ ಕೊಡ್ತಾಳೇನು? ಆ ಮಾತು ಅಂವಾ ಆಡೇ ಇಲ್ಲ. ಏಕಾದಶಿ ಹಿಡಿದು ಗೊತ್ತಿಲ್ಲದ ನೀವು ಹುಟ್ಟಿಸಿದ್ರಿ. ಅಂವಗ ಕೊಬ್ಬರಿ ಸಾರು ಅಂದಿರಬೇಕು. ಜೀವಾ ಉಳಿಸಿದ ಮಾಲಕ ಕೊಟ್ಟದ್ದಂತ ಅಂವಾ ನಂಬಿ ಉಂಡ.”

“ನಾ ಯಾಕ ಕೊಲ್ಲಲಿ?”

“ಗಾಲಿಯಾಗ ಇಟ್ಟಿಗಿ ಚೂರು ಅವ. ಊರಿಗೆ ಬರೋ ನೀರು ನೀವು ಇಟ್ಟಿಗಿ ಭಟ್ಟಿಗೆ ಮಾರ್ತಿದ್ರಿ. ಅದನ್ನೇ ಅಂವಾ ಔರಾದದಾಗ ಹೇಳಾಂವ ಇದ್ದ.”

“ನಾಕು ತುತ್ತಿಗೆ ಸಾಯ್ತಾನಂತ ನನಗ…”

“ಗೊತ್ತಿತ್ತು. ಭಾಲ್ಕಿಯಾಗ ಕಣ್ಣಾರೆ ನೋಡಿದ್ರಿ.”

ಫಕ್ರುನ್ನಿಸಾ ಅವನ ಕೈಗೆ ಬೇಡಿ ತೊಡಿಸಿದಳು.

* * *

ಪಂಢರಿ ಕೂಸನ್ನು ಹತ್ತಿಸಿಕೊಂಡಿದ್ದ ಲಾರಿ ಹೊರಟೇಬಿಟ್ಟಿತ್ತು. ಜೀಪು ಗಾಳಿಗಿಂತ ಮುಂದೆ ಓಡಿ ಅಡ್ಡ ನಿಂತಿತು. ಕೇಶರಬಾಯಿ ಜೀಪಿನಿಂದ ಹಾರಿ ಇಳಿದಳು. ಕೊಂದವನು ಹಾವಗೆಪ್ಪ ಎಂದು ಕೇಳಿದ ಪಂಢರಿ ಅತ್ತಿಗೆಗೆ ದಾರಿ ಬಿಟ್ಟ.

ಮಗಳು ಗಂಟುಗಳ ಮೇಲೆ ಕುಳಿತಿದ್ದಳು. ಮುಷ್ಟಿ ಬಿಗಿದಿತ್ತು. ಕೇಶರಬಾಯಿ ಬೆರಳು ಬಿಡಿಸಿದಳು. ಲಾರಿಯಲ್ಲಿ ಯಾರೋ ಪ್ರೀತಿಯಿಂದ ಕೊಟ್ಟ ಶೇಂಗಾ ಉಂಡಿ, ಬೆವರಿಗೆ ಮೆತ್ತಗಾಗಿತ್ತು.

“ತಿಂದೇನ?” ಅವಳು ಕೂಸಿನ ತುಟಿ ಸವರಿ ನೋಡಿದಳು.

“ಹ್ಯಾಂಗ ತಿನ್ನಲಿ?” ಎಂದಿತು ಕೂಸು. “ನೀ ಇನ್ನಾ ನೋಡಿಲ್ಲಲ್ಲವ್ವಾ.”