ಕಾರ್ಡಿನಲ್ಲಿ ಇಲ್ಲದ ಸಾಲು

"ಹೊರಗ ಬರ್ರಿ! ನಿಮ್ಮ ಹಿಟ್ಟಿನ ಪ್ರತಾಪ ಬಂದು ನೋಡ್ರಿ!"

ಬೆಳಗಿನ ಒಂಬತ್ತು ಗಂಟೆಗೆ ಬಾಗಿಲು ಬಡಿದು ಹೀಗೆ ಕರೆದವನು ಅಜಯಕುಮಾರ. ಕಾಂಚನಾ ಬಾಡಿಗೆಗಿದ್ದ ಮನೆಯ ಒಡತಿಯ ಮಗ. ಬೆಟಗೇರಿಯ ಆ ಓಣಿಯಲ್ಲಿ ಇನ್ನೂ ಕೈಮಗ್ಗ ಬಿಡದ ನಾಲ್ಕೈದು ನೇಕಾರರಲ್ಲಿ ಒಬ್ಬ. ಎಂಟು ತಿಂಗಳಿಂದ ಅವಳ ಜೊತೆ ಜಗಳವಿಲ್ಲದೆ ಒಂದು ದಿನವನ್ನೂ ಶುರು ಮಾಡದ ಪುಣ್ಯಾತ್ಮ.

ಕಾಂಚನಾ ಹೊರಗೆ ಬಂದಳು. ಓಣಿಯುದ್ದಕ್ಕೂ ಎರಡು ಗೂಟಗಳ ನಡುವೆ ಸೀರೆಯ ಹಾಸು, ಅಂದರೆ ಮಗ್ಗಕ್ಕೆ ಏರಿಸುವ ಉದ್ದನೂಲು, ಬಿಗಿದು ನಿಂತಿತ್ತು. ನಸುಕಿನಲ್ಲೇ ಅದಕ್ಕೆ ಗಂಜಿ ಹಚ್ಚಿ ಒಣಗಲು ಬಿಟ್ಟಿದ್ದ. ಗಂಜಿ ಕುಡಿಯದ ನೂಲು ಮಗ್ಗದಲ್ಲಿ ಪಟಪಟ ಹರಿದುಹೋಗುತ್ತದೆ. ಈಗ ಆ ಹಸಿರು ನೂಲಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಕೆಂಪಿರುವೆಗಳು ಊಟಕ್ಕೆ ಕೂತಿದ್ದವು.

"ನನ್ನ ಹಿಟ್ಟಿಗೂ ನಿಮ್ಮ ಇರುವಿಗೂ ಏನ್ ಸಂಬಂಧ?"

"ಪಡಸಾಲ್ಯಾಗ ಬಿಳಿ ಚೀಲ ಇಟ್ಟಿದ್ರಿ. ಮೈದಾ ಅಂತ ತಗೊಂಡು ಗಂಜಿ ಕಾಸೀನಿ."

ಕಾಂಚನಾ ಒಳಗೆ ಓಡಿ ನೋಡಿದರೆ ಚೀಲ ಖಾಲಿ. ಅದು ಮೈದಾ ಅಲ್ಲ, ಕಾಬ್ಲರ್ ಎಂಬ ಹಣ್ಣಿನ ಸಿಹಿತಿಂಡಿಗೆ ಅವಳು ಮಾಡಿಟ್ಟ ಮಿಕ್ಸ್. ಆರು ತಿಂಗಳು ಅಳೆದು, ಸುಟ್ಟು, ಮತ್ತೆ ಅಳೆದು ಹದಕ್ಕೆ ತಂದದ್ದು. ಅಗಲದ ಟ್ರೇನಲ್ಲಿ ಹಣ್ಣು ಹರಡಿ, ಮೇಲೆ ಈ ಮಿಕ್ಸ್ ಉದುರಿಸಿ, ಬೆಣ್ಣೆ ಸುರಿದು ಓವನ್‌ನಲ್ಲಿಟ್ಟರೆ ಸಾಕು. ಕೆಳಗೆ ಹಣ್ಣು ಪಾಕವಾಗುತ್ತದೆ, ಮೇಲೆ ಹೊಂಬಣ್ಣದ ಗರಿಗರಿ ಪದರ ಏಳುತ್ತದೆ. ತತ್ತಿ ಬೇಡ, ಬೀಟರ್ ಬೇಡ.

"ಅದರಾಗ ಸಕ್ಕರಿ ಇತ್ತು, ಹಾಲಿನ ಪುಡಿ ಇತ್ತು, ಬೇಕಿಂಗ್ ಪೌಡರ್ ಇತ್ತು, ಏಲಕ್ಕಿ ಇತ್ತು! ಕುದಿಯೋ ಮುಂದ ಬುರುಗು ಬಂದಿರಬೇಕಲ್ಲ, ಆವಾಗರ ತಿಳೀಲಿಲ್ಲೇನ್ರಿ?"

"ಹಳೇ ಮೈದಾ ಅನಕೊಂಡೆ."

"ಏಲಕ್ಕಿ ವಾಸನಿ?"

"ನೀವು ದಿನಾ ಏನರ ಸುಡತೀರಿ. ಈ ಮನ್ಯಾಗ ನನ್ನ ಅಂಗಿಗೂ ಏಲಕ್ಕಿ ವಾಸನಿ ಐತಿ. ಚೀಲದ ಮ್ಯಾಲೆ ಹೆಸರು ಬರ್ಯಾಕ ಏನಾಗಿತ್ತು ನಿಮಗ?"

ಹೆಸರು ಬರೆದಿರಲಿಲ್ಲ, ಅದು ಖರೆ. ತಪ್ಪು ತನ್ನದಾದಾಗ ಕಾಂಚನಾಳಿಗೆ ಸಿಟ್ಟು ಇಮ್ಮಡಿಯಾಗುತ್ತದೆ. "ಕೇಳಿ ತಗೊಳ್ಳೋ ಪದ್ಧತಿ ನಿಮ್ಮ ಓಣ್ಯಾಗ ಇಲ್ಲೇನ್ರಿ?" ಎಂದು ಕೂಗಿದಳು. ನೀರಿಗೆ ಹೊರಟಿದ್ದ ಹೆಂಗಸರು ಕೊಡ ಕೆಳಗಿಟ್ಟು ಆರಾಮಾಗಿ ನಿಂತುಕೊಂಡರು.

ಅವಳ ಸಂಕಟ ಅವಳಿಗೇ ಗೊತ್ತು. ಮುಂಡರಗಿಯಲ್ಲಿ ಅವಳ ಮನೆಯವರದು ಕಾಳುಕಡಿ ವ್ಯಾಪಾರ. ಅಣ್ಣ ಮುತ್ತಣ್ಣ ಕಡ್ಡಿ ಮುರಿದಂತೆ ಹೇಳಿದ್ದ: ಈ ತಿಂಗಳೊಳಗೆ ನಿನ್ನ ಮಿಕ್ಸ್ ಒಂದಾದರೂ ಅಂಗಡಿಯ ಕಪಾಟು ಹತ್ತಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಾ. ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು. ಗದಗಿನ ಬಜಾರದಲ್ಲಿ ಒಣಹಣ್ಣು, ಬೇಕರಿ ಸಾಮಾನು ಮಾರುವ ಮಹಬೂಬಸಾಬ ಒಬ್ಬರೇ ಶನಿವಾರ ನೋಡುತ್ತೇನೆ ಎಂದಿದ್ದರು. ಅವರದೊಂದು ಷರತ್ತೂ ಇತ್ತು.

"ನಿನ್ನ ಕೈಯಾಗ ಛಲೋ ಆಗೇ ಆಗ್ತೈತವ್ವಾ. ನನಗ ಅದು ಬ್ಯಾಡ. ಅಡಿಗಿ ಬಾರದಾಂವ, ನಿನ್ನ ಕಂಡ್ರ ಆಗದಾಂವ, ಅಂಥಾ ಒಬ್ಬನ್ನ ಕರಕೊಂಡು ಬಾ. ಬರೇ ಪ್ಯಾಕೆಟ್ಟಿನೊಳಗಿನ ಕಾರ್ಡ ಓದಿ ಅವನ ಕೈಯಾಗ ಆತಂದ್ರ ಯಾರ ಕೈಯಾಗರ ಆಗ್ತೈತಿ."

ಅಂಥವನನ್ನು ಹುಡುಕಲು ಕಾಂಚನಾ ಹೊಸ್ತಿಲು ದಾಟಬೇಕಾಗಿರಲಿಲ್ಲ. ಕೇಳಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ನೀವಿರುವ ಮುಂದಿನ ಕೋಣೆಯನ್ನು ಎರಡನೇ ಮಗ್ಗಕ್ಕೆ ಬಿಟ್ಟುಕೊಡಿ ಎಂದು ಅವನು ವಾರಕ್ಕೆರಡು ಸಲ ಬಾಗಿಲಿಗೆ ಬಂದು ಹೇಳುತ್ತಿದ್ದ. ಅವಳು ಸೋತರೆ ಕೋಣೆ ತಾನಾಗಿಯೇ ಅವನ ಕೈ ಸೇರುತ್ತಿತ್ತು.

ಕೊನೆಗೆ ತೀರ್ಪು ಕೊಟ್ಟವಳು, ಶನಿವಾರದ ಷರತ್ತನ್ನು ಕಾಂಚನಾಳಿಂದ ಕೇಳಿದ್ದ ಅವನ ತಾಯಿ ದ್ಯಾಮವ್ವ. "ಕೇಳಲಾರದ ಹಿಟ್ಟು ತಗೊಂಡಿ ಹೌದಿಲ್ಲೋ? ಶನಿವಾರ ಆಕಿ ಜೋಡಿ ಹೋಗಿ ಹೇಳಿದ್ದು ಮಾಡು. ಕಾಂಚನಾ, ನೀ ಹೆಸರು ಬರೀಲಿಲ್ಲ ಹೌದಿಲ್ಲವಾ? ನಾಳೆ ಹಾಸು ತೊಳದು ಅವನ ಜೋಡಿ ಗಂಜಿ ಹಚ್ಚು. ಇನ್ನ ಯಾರರ ಬಾಯಿ ತಗದ್ರ ಕಸಬರಗಿ ತಗೋತೀನಿ."

ಮರುದಿನ ನಸುಕಿನಲ್ಲಿ ತೊಳೆದ ಹಾಸು ಮತ್ತೆ ಓಣಿಗೆ ಬಂತು. ಉದ್ದನೆಯ ಕುಂಚದ ಎರಡು ತುದಿಗಳನ್ನು ಇಬ್ಬರು ಹಿಡಿದು, ನೂಲಿನ ಆಚೆಗೊಬ್ಬರು ಈಚೆಗೊಬ್ಬರು, ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ಒಬ್ಬರು ಮುಂದಾದರೆ ನೂಲು ಹರಿಯುತ್ತದೆ.

"ಸಾವಕಾಶ ನಡೀರಿ. ಇದೇನು ಬಸ್ ಹಿಡಿಯಾಕ ಹೊಂಟೀರೇನು?"

"ನಿಮ್ಮ ಹಂಗ ನಡದ್ರ ಮುಳಗುಂದ ಮುಟ್ಟಾಕ ವರ್ಷ ಬೇಕು."

"ನೂಲು ನೋಡ್ರಿ. ನನ್ನ ನೋಡಬ್ಯಾಡ್ರಿ."

"ನಿಮ್ಮನ್ನ ನೋಡಾಕ ನನಗೇನು ಹುಚ್ಚು ಹಿಡದೈತೇನು?"

ಹಿಡಿದಿತ್ತು ಅಂತ ಕಾಣುತ್ತದೆ. ಅವನ ಮೊಣಕೈಯ ಮೇಲೆ ಗಂಜಿ ಒಣಗಿ ಬೆಳ್ಳಗೆ ಚಕ್ಕೆಯೆದ್ದದ್ದನ್ನು ಅವಳು ನೋಡಿದಳು. ಹರಿದ ಎಳೆ ಕಂಡಾಗ ಬೈಗುಳವನ್ನು ಅರ್ಧಕ್ಕೇ ನಿಲ್ಲಿಸಿ, ಬಗ್ಗಿ, ಮಗುವಿನ ಕೂದಲು ಹಿಡಿದ ಹಾಗೆ ಹಿಡಿದು ಗಂಟು ಹಾಕುವುದನ್ನು ನೋಡಿದಳು. ಗಂಟು ಬಿದ್ದ ಮೇಲೆ ತಲೆ ಎತ್ತಿದ. ಇಬ್ಬರ ಕಣ್ಣು ನೂಲಿನ ಮೇಲಿಂದ ಒಂದು ಗಳಿಗೆ ಸೇರಿದವು. ಅವನು ತಟ್ಟನೆ ಮುಖ ತಿರುಗಿಸಿದ. ಅವಳ ಮನಸ್ಸಿಗೆ ಯಾಕೋ ಹಿತವಾಯಿತು, ಹಿತವಾದದ್ದಕ್ಕೇ ಮೈಯೆಲ್ಲ ಉರಿಯಿತು. ಉಳಿದ ಓಣಿಯುದ್ದಕ್ಕೂ ಇಬ್ಬರೂ ನೂಲನ್ನಷ್ಟೇ ನೋಡುತ್ತ ನಡೆದರು.

ಶನಿವಾರ ಬಂತು. ಮಹಬೂಬಸಾಬರ ಅಂಗಡಿಯ ಹಿಂದೆಯೇ ಅವರ ಮನೆ. ಅಡಿಗೆಮನೆಯಲ್ಲಿ ಅವರ ಹೆಂಡತಿ ಅಲ್ಮಾಸಬಿ ಓವನ್ ಕಾಯಿಸಿಟ್ಟು, ಹೆಚ್ಚಿ ಬೀಜ ತೆಗೆದ ಕೆಂಪು ಪೇರಲಹಣ್ಣನ್ನು ತಾಟಿನಲ್ಲಿ ಇಟ್ಟಿದ್ದರು. ಕಾಂಚನಾ ಹಗಲುರಾತ್ರಿ ಕೂತು ಹೊಸದಾಗಿ ಮಾಡಿದ್ದ ಮಿಕ್ಸಿನ ಎರಡು ಪ್ಯಾಕೆಟ್ ತಂದಿದ್ದಳು.

"ನೀ ಗ್ವಾಡಿಗೆ ಬೆನ್ನು ಹಚ್ಚಿ ನಿಂದ್ರವ್ವಾ. ಬಾಯಿ ಬಿಡಂಗಿಲ್ಲ," ಎಂದರು ಮಹಬೂಬಸಾಬ.

"ಅದು ಆಕಿ ಕೈಲೆ ಆಗೂದಲ್ರಿ," ಎಂದ ಅಜಯಕುಮಾರ.

ಕಾರ್ಡು ಹಿಡಿದು ಗಟ್ಟಿಯಾಗಿ ಓದಿದ. ಹಣ್ಣನ್ನು ಟ್ರೇನಲ್ಲಿ ಹರಡಿ. ಮೇಲೆ ಮಿಕ್ಸ್ ಸುರಿಯಿರಿ. ಅದರ ಮೇಲೆ ಕರಗಿಸಿದ ಬೆಣ್ಣೆ ಹಾಕಿ. ನಲವತ್ತು ನಿಮಿಷ ಓವನ್‌ನಲ್ಲಿಡಿ. ಓದಿದಂತೆಯೇ ಹರಡಿದ, ಸುರಿದ, ಬೆಣ್ಣೆ ಹಾಕಿದ. ಆಮೇಲೆ ಕೈ ನೀಟಾಗಿ ಒರೆಸಿಕೊಂಡು ದೊಡ್ಡದೊಂದು ಚಮಚ ಎತ್ತಿಕೊಂಡ.

ಕಲಸಬಾರದು ಎಂದು ಕಾಂಚನಾ ಕಾರ್ಡಿನಲ್ಲಿ ಬರೆದೇ ಇರಲಿಲ್ಲ! ಶಿರಾ ಆಗಲಿ ಝುಣಕ ಆಗಲಿ, ಹಿಟ್ಟು ಬಿದ್ದ ಮೇಲೆ ಕೈಯಾಡಿಸುವುದು ಈ ಸೀಮೆಯಲ್ಲಿ ಉಸಿರಾಡಿದಷ್ಟು ಸಹಜ. ಬೇಕರಿ ಕ್ಲಾಸಿನಲ್ಲಿ ಕಲಿತ ಅವಳಿಗೆ ಅದು ಮರೆತೇ ಹೋಗಿತ್ತು. ಕಲಸಿದರೆ ಪದರ ಏಳುವುದಿಲ್ಲ, ಇಡೀ ಟ್ರೇ ಗೋಂದಾಗುತ್ತದೆ. ಕೂಗಬೇಕೆಂದರೆ ಬಾಯಿ ಬಿಡುವಂತಿಲ್ಲ. ಉಗುರು ಅಂಗೈಗೆ ಚುಚ್ಚಿಕೊಂಡು ನಿಂತಳು.

ಚಮಚ ಹಿಟ್ಟಿಗೆ ಇನ್ನೇನು ತಾಗಬೇಕು, ಅವನು ತಲೆ ಎತ್ತಿ ಅವಳನ್ನು ನೋಡಿದ. ಹುಬ್ಬಿನಿಂದ ತುಟಿಗೆ, ತುಟಿಯಿಂದ ಮತ್ತೆ ಕಣ್ಣಿಗೆ, ಸಾವಕಾಶ, ಎರಡನೇ ಕಾರ್ಡೊಂದನ್ನು ಓದುವವನ ಹಾಗೆ. ಆಮೇಲೆ ಚಮಚವನ್ನು ಸಪ್ಪಳವಾಗದಂತೆ ಕೆಳಗಿಟ್ಟು ಟ್ರೇಯನ್ನು ಓವನ್‌ಗೆ ತಳ್ಳಿದ.

ನಲವತ್ತು ನಿಮಿಷದ ಮೇಲೆ ಹೊರಬಂದ ಕಾಬ್ಲರ್ ಕಣ್ಣಿಗೆ ಹಬ್ಬವಾಗಿತ್ತು. ಮೇಲೆ ಹೊಂಬಣ್ಣ, ಅಂಚಿನಲ್ಲಿ ಕುದಿಯುವ ಗುಲಾಬಿ ಪಾಕ. ಮಹಬೂಬಸಾಬ ಊದಿ ಊದಿ ತಿಂದು ಕಣ್ಣು ಮುಚ್ಚಿದರು. "ಮಾಷಾಅಲ್ಲಾ! ಸೋಮವಾರ ಐವತ್ತು ಪ್ಯಾಕೆಟ್ ಕಳಸವ್ವಾ."

ಕಾಂಚನಾಳಿಗೆ ಕುಣಿಯಬೇಕೆನಿಸಿತು.

"ಬ್ಯಾಡ್ರಿ, ಸಾಹೇಬ್ರ," ಎಂದ ಅಜಯಕುಮಾರ. "ಇದು ಪಾಸ್ ಆಗಿಲ್ಲ. ಕಾರ್ಡ ತಪ್ಪೈತಿ. ಕಲಸಬ್ಯಾಡಾ ಅಂತ ಎಲ್ಲೂ ಬರದಿಲ್ಲ. ನಾ ಕಲಸಾಂವನ ಇದ್ದೆ."

ಕಾಂಚನಾಳ ಕಣ್ಣಿನ ಮುಂದೆ ಮುಂಡರಗಿಯ ಕಾಳಿನ ಮೂಟೆಗಳು ಸಾಲಾಗಿ ಬಂದು ಕೂತವು. ಎಂಟು ತಿಂಗಳು ಬೈಗುಳಕ್ಕೂ 'ರಿ' ಹಚ್ಚಿದ್ದ ಅವಳ ನಾಲಿಗೆ ಆ ಮರ್ಯಾದೆಯನ್ನೆಲ್ಲ ಕಿತ್ತೆಸೆಯಿತು.

"ಕೋಣಿ ಬೇಕಲ್ಲ ನಿನಗ? ತಗೋ! ನಾಳೆನ ಖಾಲಿ ಮಾಡ್ತೀನಿ, ಹತ್ತು ಮಗ್ಗ ಹಾಕ್ಕೋ! ಕೈಗೆ ಬಂದಿದ್ದು ಬಾಯಿಗೆ ಬರಬಾರದಂತ ಹೊಟ್ಟಿಕಿಚ್ಚಿನ ಮನಷ್ಯಾ!"

"ಮಗ್ಗ ಎಲ್ಲಿ ತರ್ಲಿ? ಒಂದಕ್ಕ ನೂಲು ಹೊಂದಸೋದರಾಗ ಸಾಕಾಗ್ತೈತಿ," ಎಂದ ಅವನೂ ದನಿ ಏರಿಸಿ. "ಕೋಣಿ ಕೇಳಿದಾಗ ನೀ ಜಗಳಕ್ಕ ಹೊರಗ ಬರ್ತಿ. ಅದಕ್ಕ ಕೇಳ್ತೀನಿ."

"ಹಂಗಾದ್ರ ಚಮಚ ಯಾಕ ಇಟ್ಟಿಪ್ಪಾ?" ಮಹಬೂಬಸಾಬ ನಡುವೆ ಬಾಯಿ ಹಾಕಿದರು. "ಆಕಿ ಏನೂ ಹೇಳಲಿಲ್ಲಲ್ಲ?"

ಅಜಯಕುಮಾರನ ಕಿವಿ ಕೆಂಪಾದವು. ಹೇಳಿದ್ದು ಮಾತ್ರ ಜಗಳದ ದನಿಯಲ್ಲೇ. "ಆಕಿ ಮಾರಿ ನೋಡಿದ್ನಿರಿ. ಬರೇ ಸಿಟ್ಟು ಬಂದ್ರ ಎಡಗಡಿ ಹುಬ್ಬು ಏರತೈತಿ. ಖರೇನ ಹೆದರಿದ್ರ ಕೆಳತುಟಿ ಒಳಗ ಹೋಗತೈತಿ. ಎಂಟು ತಿಂಗಳಾತು ನೋಡಾಕತ್ತು, ನನಗ ತಿಳೀತೈತಿ. ಹರ್ತಿ ಊರಾಗ ಯಾರೋ ಹೆಣಮಗಳು ಪ್ಯಾಕೆಟ್ ಒಡದ್ರ ಯಾರ ಮಾರಿ ನೋಡಬೇಕು? ಒಂದೊಂದು ಪ್ಯಾಕೆಟ್ಟಿನಾಗ ಆಕಿನ್ನ ಹಾಕಿ ಕಳಸ್ತೀರೇನು? ಐವತ್ತು ಮನ್ಯಾಗ ಗೋಂದಾದ್ರ ಐವತ್ತು ಮಂದಿ ಆಕಿಗೆ ಬೈತಾರ. ನನ್ನ ಕೈಲೆ ಕೇಳಾಕ ಆಗೂದಿಲ್ಲ. ಆಕಿಗೆ ಬೈಯಾಕ ನಾ ಒಬ್ಬಾಂವ ಸಾಕು."

ಅಲ್ಮಾಸಬಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಹಬೂಬಸಾಬ ಇನ್ನೊಂದು ಚಮಚ ಕಾಬ್ಲರ್ ಹಾಕಿಕೊಂಡರು.

ಕಾಂಚನಾ ಏನೋ ಅನ್ನಲು ಬಾಯಿ ತೆರೆದಳು. ಎಂಟು ತಿಂಗಳಲ್ಲಿ ಮೊದಲ ಸಲ ಬೈಗುಳ ಬರಲಿಲ್ಲ.

"ಸುಮ್ನ ಯಾಕ ನಿಂತಿ?" ಅವನು ಕಾರ್ಡು, ಪೆನ್ನು ಅವಳ ಮುಂದೆ ತಳ್ಳಿದ. "ಬರಿ. ಬರದು ಅಂಗಡಿ ಹೊರಗ ಹೋಗಿ ನಿಂದ್ರು. ಇನ್ನೊಂದು ಪ್ಯಾಕೆಟ್ ಐತಿ. ನಾ ಮತ್ತ ಮಾಡ್ತೀನಿ, ನಿನ್ನ ನೋಡಲಾರದ."

ಅವಳು ಬರೆದಳು. ಅವಸರಕ್ಕೆ ಅಕ್ಷರ ಸೊಟ್ಟಗಾದವು. ಮಿಕ್ಸ್ ಹಾಕಿದ ಮೇಲೆ ಕಲಸಬೇಡಿ, ಕೈ ಆಡಿಸಬೇಡಿ, ಚಮಚ ಮುಟ್ಟಬೇಡಿ. ಮೂರು ಸಲ ಬರೆದು ಹೊರಗೆ ಹೋದಳು.

ಬಜಾರದ ಮಧ್ಯಾಹ್ನ ಜೋರಾಗಿ ನಡೆದಿತ್ತು. ಲಕ್ಷ್ಮೇಶ್ವರದ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. ಕಾಂಚನಾ ಅಂಗಡಿಯ ಮೆಟ್ಟಿಲ ಹತ್ತಿರ ನಿಂತಳು, ಕೂತಳು, ಮತ್ತೆ ನಿಂತಳು. ಒಳಗೆ ಏನು ನಡೆದಿದೆಯೋ ಕಾಣುವುದಿಲ್ಲ. ಮಿಕ್ಸ್ ಕೆಟ್ಟರೆ ಮುಂಡರಗಿ. ಮುಂಡರಗಿಗೆ ಹೋದರೆ ಬೆಳಗ್ಗೆ ಬಾಗಿಲು ಬಡಿಯುವವರು ಯಾರು? ಈ ಪ್ರಶ್ನೆ ಬಂದ ಕೂಡಲೇ ಅವಳಿಗೆ ಎಲ್ಲ ತಿಳಿದುಹೋಯಿತು. ಬಾಗಿಲು ಬಡಿಯುವ ಮೊದಲೇ ತಾನು ಎದ್ದು, ಜಡೆ ಹಾಕಿ, ಚಿಲಕದ ಹತ್ತಿರ ನಿಂತಿರುತ್ತಿದ್ದೆನಲ್ಲ. ಪ್ರೀತಿ ಎಂದರೆ ಇನ್ನೂ ಹಗುರಾದ, ಇನ್ನೂ ಚೆಂದದ ಏನೋ ಎಂದು ಅವಳು ತಿಳಿದಿದ್ದಳು. ಇದು ನೋಡಿದರೆ ಹಲ್ಲು ಕಡಿಯುವಂತಿತ್ತು. ಆದರೂ ಇದೇ ಅದು. ಅಳು ಬಂತು, ಅಳು ತರಿಸಿದ್ದಕ್ಕೆ ಅವನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದಳು.

ಐವತ್ತು ನಿಮಿಷವಾದ ಮೇಲೆ ಮಹಬೂಬಸಾಬ ಹೊರಗೆ ಬಂದರು. ಗಡ್ಡಕ್ಕೆ ಪೇರಲ ಪಾಕ ಹತ್ತಿತ್ತು. "ಪಾಸ್ ಆತವ್ವಾ," ಎಂದರು. "ಸೋಮವಾರ ಐವತ್ತು. ಕಾರ್ಡ ಮಾತ್ರ ಛಂದಾಗಿ ಅಚ್ಚು ಹಾಕಿಸು, ಈ ಅಕ್ಷರ ನನ್ನ ಹೇಂತಿಗೂ ಓದಾಕ ಬರಲಿಲ್ಲ."

ಅವರ ಹಿಂದೆ ಅಜಯಕುಮಾರ ಬಂದ. ಟ್ರೇಯನ್ನು ಅರಿವೆಯಲ್ಲಿ ಹಿಡಿದಿದ್ದ. ತಲೆ ತಗ್ಗಿಸಿಯೇ ಮೆಟ್ಟಿಲಿಳಿದು, ರಸ್ತೆ ನೋಡಿದ, ಟ್ರೇ ನೋಡಿದ, ಎದುರಿನ ಸೈಕಲ್ ಅಂಗಡಿ ನೋಡಿದ. ಅವಳಿದ್ದ ಕಡೆ ಮಾತ್ರ ಕಣ್ಣು ಹಾಯಿಸಲಿಲ್ಲ.

"ಇತ್ಲಾಗ ನೋಡು," ಎಂದಳು ಕಾಂಚನಾ.

"ಬ್ಯಾಡ. ನೋಡಿದ್ರ ಬೈತಿ."

"ಬೈತೀನಿ," ಎಂದಳು. ಅವಳ ಕೆಳತುಟಿ ಒಳಗೆ ಹೋಗಿತ್ತು. "ದಿನಾ ಬೈತೀನಿ. ಆದ್ರೂ ನೋಡು."

ಅವನು ನೋಡಿದ.